ಮೇಷ್ಟ್ರ ತಲೆ ತಟ್ಟಿದವರು

ನಮ್ಮ ನೇಯ್ಗೆ ಕಾರ್ಖಾನೆಯಲ್ಲಿ ನನಗೆ ಡಂಗುರ ಎಂದು ಹೆಸರು. ಇಟ್ಟವರು ಯಾರೋ ಗೊತ್ತಿಲ್ಲ, ತಪ್ಪಾಗಿಯಂತೂ ಇಟ್ಟಿಲ್ಲ. ಯಾರಿಗೆ ಮದುವೆ ಗೊತ್ತಾಯಿತು, ಯಾರ ಮನೆಯಲ್ಲಿ ಗಂಡಹೆಂಡಿರು ಮಾತು ಬಿಟ್ಟಿದ್ದಾರೆ, ಯಾರು ಗುಟ್ಟಾಗಿ ತಲೆಗೆ ಬಣ್ಣ ಹಚ್ಚಲು ಶುರು ಮಾಡಿದ್ದಾರೆ, ಎಲ್ಲವೂ ಊಟದ ಹೊತ್ತಿಗೆ ನನ್ನ ಬಾಯಿಂದ ಕ್ಯಾಂಟೀನಿಗೆಲ್ಲ ಗೊತ್ತಾಗುತ್ತಿತ್ತು. ಅದನ್ನು ನಾನು ಪ್ರೀತಿ ಎಂದೇ ತಿಳಿದಿದ್ದೆ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಒಬ್ಬರನ್ನು ರೇಗಿಸುತ್ತಿಲ್ಲ ಎಂದರೆ ಅವರು ಇನ್ನೂ ನಮ್ಮವರಾಗಿಲ್ಲ ಎಂದೇ ಲೆಕ್ಕ.

ಮೇಷ್ಟ್ರು ನಾನು ಸೂಪರ್‌ವೈಸರ್ ಆಗಿರುವ ಸಾಲಿಗೆ ಬಂದಾಗ ಅವರಿಗೆ ಐವತ್ತು ದಾಟಿತ್ತು. ತಮ್ಮ ದೇಶದಲ್ಲಿ ನಿಜವಾಗಿಯೂ ಮೇಷ್ಟ್ರಾಗಿದ್ದವರು. ಅಲ್ಲಿ ಶಾಲೆಯೂ ಹೋಗಿ ಸಂಬಳವೂ ಹೋದ ಮೇಲೆ ಇಲ್ಲಿಗೆ ಬಂದು ಮಗ್ಗ ಕಲಿತರು. ಮೂರು ತಿಂಗಳ ಪರೀಕ್ಷೆಯ ಅವಧಿ ಮುಗಿದು ಕೆಲಸ ಖಾಯಂ ಆದರೆ ಮಾತ್ರ ಹೆಂಡತಿಯನ್ನು ಕರೆಸಿಕೊಳ್ಳಲು ಕಾಗದಪತ್ರ ಸಿಗುತ್ತದೆ ಎಂದು ಮೊದಲ ವಾರವೇ ನನಗೆ ಹೇಳಿದ್ದರು. ನಮ್ಮ ಭಾಷೆಯನ್ನು ಒಂದೊಂದೇ ಮಾತು ಆರಿಸಿಕೊಂಡು ನಿಧಾನವಾಗಿ ಆಡುತ್ತಿದ್ದರು.

ನಲವತ್ತು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದಲ್ಲೇ ನಿಂತು ಅರಚಿದರೂ ಕೇಳುವುದಿಲ್ಲ. ಅದಕ್ಕೇ ನಮ್ಮದೆಲ್ಲ ಕೈಸನ್ನೆ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಕಡಿದಿದೆ, ಹೊಟ್ಟೆ ಸವರಿಕೊಂಡರೆ ಊಟದ ಹೊತ್ತಾಯಿತು. ಬೆನ್ನು ಮಾಡಿ ನಿಂತವರನ್ನು ಕರೆಯಬೇಕಾದರೆ ನೆತ್ತಿಯ ಮೇಲೆ ಎರಡು ಸಲ ತಟ್ಟುತ್ತೇವೆ. ಹೆಗಲು ತಟ್ಟಿದರೆ ಕೈ ಅಲುಗಿ ಬೆರಳು ಮಗ್ಗಕ್ಕೆ ಸಿಕ್ಕೀತು. ನನ್ನ ನೆತ್ತಿಯನ್ನು ಮೊನ್ನೆ ಮೊನ್ನೆ ಸೇರಿದ ಹುಡುಗಿಯರೂ ತಟ್ಟುತ್ತಾರೆ, ಯಾರಿಗೂ ಅದೊಂದು ವಿಷಯವೇ ಅಲ್ಲ.

ಎರಡನೇ ವಾರ ಪಾಳಿ ಮುಗಿದ ಮೇಲೆ, ಎಲ್ಲರೂ ಹೊರಡುವವರೆಗೆ ಕಾದಿದ್ದು, ಮೇಷ್ಟ್ರು ನನ್ನ ಹತ್ತಿರ ಬಂದರು.

"ಅಮ್ಮಾ, ಒಂದು ಮಾತು. ನನ್ನ ತಲೆ ಮುಟ್ಟಬೇಡಿ. ಎದುರಿಗೆ ಬಂದು ನಿಂತ್ಕೊಳ್ಳಿ ಸಾಕು, ನಾನು ನೋಡ್ತೀನಿ."

"ಯಾಕೆ ಮೇಷ್ಟ್ರೇ, ನೋವಾಯ್ತಾ?"

"ನೋವಲ್ಲ. ನಮ್ಮಲ್ಲಿ ವಯಸ್ಸಾದವರ ತಲೆಯನ್ನ ಹೆಣ ತೊಳೆಯೋರು ಮಾತ್ರ ಮುಟ್ತಾರೆ." ಇಷ್ಟು ಹೇಳುವಷ್ಟರಲ್ಲಿ ಅವರ ಕಿವಿ ಕೆಂಪಾಗಿತ್ತು. "ಇದು ನಿಮ್ಮಲ್ಲೇ ಇರ್ಲಿ."

ಆಯ್ತು ಎಂದೆ. ಮನಸ್ಸಿನಿಂದಲೇ ಎಂದೆ. ಆದರೆ ಮಾರನೆಯ ದಿನ ಕ್ಯಾಂಟೀನಿನಲ್ಲಿ ಮೇಷ್ಟ್ರು ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದಾಗ, ಪಾಪ, ಒಂಟಿಯಾಗಿದ್ದಾರೆ, ನಮ್ಮ ಗುಂಪಿಗೆ ಸೇರಿಸಿಕೊಳ್ಳೋಣ ಎನ್ನಿಸಿತು. ನನಗೆ ಗೊತ್ತಿದ್ದ ದಾರಿ ಒಂದೇ.

"ದಾರಿ ಬಿಡ್ರಪ್ಪ, ಮೇಷ್ಟ್ರು ಬಂದ್ರು! ಅವರ ತಲೆ ಮಾತ್ರ ಯಾರೂ ಮುಟ್ಟಬೇಡಿ. ಮುಟ್ಟಿದೋರು ಹೆಣ ತೊಳೆಯೋರಾಗ್ತೀರ ನೋಡಿ!" ಎಂದು ಕೂಗಿದೆ.

ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ಮೇಷ್ಟ್ರೂ ನಕ್ಕರು. ಆ ನಗುವನ್ನು ನೋಡಿ ನಾನು, ನೋಡು, ಎಷ್ಟು ಬೇಗ ಹೊಂದಿಕೊಂಡರು ಎಂದು ಖುಷಿಪಟ್ಟೆ. ನನ್ನಂಥ ಪೆದ್ದಿ ಇನ್ನೊಬ್ಬಳು ಇರಲಿಕ್ಕಿಲ್ಲ. ಅಂದಿನಿಂದ ಹೋಗುವವರು ಬರುವವರೆಲ್ಲ ಅವರ ನೆತ್ತಿ ತಟ್ಟಿ, "ಸ್ನಾನ ಆಯ್ತಾ ಮೇಷ್ಟ್ರೇ?" ಎಂದು ತುಟಿ ಆಡಿಸಿ ಹೋಗುವುದು ಶುರುವಾಯಿತು. ನಾಲ್ಕನೇ ದಿನ ಅವರು ಟೋಪಿ ಹಾಕಿಕೊಂಡು ಬಂದರು. ಟೋಪಿಯ ಮೇಲೂ ತಟ್ಟಿದರು. ಆಮೇಲೆ ಕ್ಯಾಂಟೀನಿಗೆ ಬರುವುದನ್ನೇ ಬಿಟ್ಟು, ನೂಲಿನ ಗೋದಾಮಿನಲ್ಲಿ ಪೆಟ್ಟಿಗೆಗಳ ನಡುವೆ ಗೋಡೆಗೆ ತಲೆಯೊರಗಿಸಿ ಕೂತು ಊಟ ಮಾಡತೊಡಗಿದರು.

ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು. ಎರಡು ಸಲ ಹುಡುಗರನ್ನು ಗದರಿದೆ. "ಶುರು ಮಾಡಿದ್ದೇ ನೀವಲ್ವಾ ಅಕ್ಕಾ?" ಎಂದರು. ಮತ್ತೆ ಗದರಲು ಹೋಗಲಿಲ್ಲ.

ಮೂರು ತಿಂಗಳು ಮುಗಿಯುವ ವಾರ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆಸಿದರು. ಅವರ ಕೋಣೆಯಲ್ಲಿ ಸದ್ದೆಂಬುದಿಲ್ಲ. ಗಾಜಿನ ಬಾಗಿಲು ಮುಚ್ಚಿದರೆ ಮಗ್ಗಗಳೇ ಇಲ್ಲವೇನೋ ಎನ್ನಿಸುತ್ತದೆ. ಕೆಳಗೆ ಹತ್ತು ಜನರ ಗಂಟಲು ಇರುವ ನಾನು ಅಲ್ಲಿ ಹೊಸ ಸೊಸೆಯ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತೇನೆ.

"ನಿಮ್ಮ ಮೇಷ್ಟ್ರ ಕೆಲಸ ಹೇಗೆ?"

"ಕೆಲಸ ಚೆನ್ನಾಗಿದೆ ಸಾರ್."

"ಆದ್ರೆ ಯಾರ ಜೊತೆಗೂ ಬೆರೆಯಲ್ಲ, ಕ್ಯಾಂಟೀನಿಗೂ ಬರಲ್ಲ ಅಂತ ಮಾತಿದೆ. ಜಾಗ ಇರೋದು ಒಂದೇ, ಕಾಯ್ತಿರೋರು ಮೂರು ಜನ. ಇಲ್ಲಿ ಏನಾದ್ರೂ ನಡೆದಿದ್ಯಾ?"

ಅವರು ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡುತ್ತಾ ಕಾದರು. ಒಂದೇ ವಾಕ್ಯ ಸಾಕಿತ್ತು. ಆದರೆ ಹಿಂದಿನ ವರ್ಷ ಕೆಲಸದವಳೊಬ್ಬಳನ್ನು ಆಡಿಕೊಂಡು ಅಳಿಸಿದ್ದಕ್ಕೆ ಪಕ್ಕದ ಸಾಲಿನ ಸೂಪರ್‌ವೈಸರನ್ನು ಆ ಹುದ್ದೆಯಿಂದ ಇಳಿಸಿದ್ದರು. ಅದು ನನ್ನ ಕಣ್ಣ ಮುಂದೆ ಬಂತು.

"ಏನಿಲ್ಲ ಸಾರ್. ಅವರ ಸ್ವಭಾವಾನೇ ಹಾಗೆ."

ಸುಮ್ಮನಿದ್ದಿದ್ದರೂ ಇಷ್ಟು ಪಾಪ ಸುತ್ತಿಕೊಳ್ಳುತ್ತಿರಲಿಲ್ಲ. ಸಾಹೇಬರು ಏನೋ ಬರೆದುಕೊಂಡರು. ನಾನು ಥ್ಯಾಂಕ್ಸ್ ಬೇರೆ ಹೇಳಿ ಎದ್ದು ಬಂದೆ.

ಶನಿವಾರ ಮೇಷ್ಟ್ರಿಗೆ ಪತ್ರ ಬಂತು. ಖಾಯಂ ಇಲ್ಲ, ಇಂದಿಗೆ ಮುಕ್ತಾಯ. ಅವರು ತಮ್ಮ ಮಗ್ಗವನ್ನು ಒರೆಸಿಟ್ಟು, ನನ್ನ ಎದುರಿಗೆ ಬಂದು ನಿಂತು, ತಲೆಬಾಗಿ ಹೊರಟುಹೋದರು. ನಾನು ಮೆಟ್ಟಿಲು ಹತ್ತಿ ಸಾಹೇಬರ ಕೋಣೆಗೆ ಓಡಿದೆ. ಈ ಸಲ ಕೂರಲಿಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಸಾಹೇಬರು ಫೈಲು ತೆಗೆದು ತಮ್ಮ ಸಹಿ ತೋರಿಸಿದರು. "ಆ ಜಾಗಕ್ಕೆ ನಿನ್ನೆನೇ ಒಬ್ಬರನ್ನ ತಗೊಂಡಾಯ್ತು. ನಿಮ್ಮ ಮಾತು ನಂಬಿಯೇ ನಾನು ಸಹಿ ಹಾಕಿದ್ದು," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಹೆಚ್ಚು ಮಾತಾಡದ ಮನುಷ್ಯ. "ಮೇಷ್ಟ್ರಿಗೆ ಹೇಳಿದ್ಯಾ?" ಎಂದಷ್ಟೇ ಕೇಳಿದರು. ಭಾನುವಾರ ಬೆಳಿಗ್ಗೆ ಹೊರಟೆ.

ಮೇಷ್ಟ್ರದ್ದು ಮೂರನೇ ಮಹಡಿಯಲ್ಲಿ ಒಂದು ಕೋಣೆ. ಒಂದು ಮಂಚ, ಕಿಟಕಿಯ ಹತ್ತಿರ ಸ್ಟೌ, ಅರ್ಧ ತುಂಬಿದ ಸೂಟ್‌ಕೇಸು. ಹೊಸದಾಗಿ ಕೊಂಡ ಎರಡನೇ ದಿಂಬು ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ನನ್ನನ್ನು ಕಂಡು ಅವರ ಮುಖ ಅರಳಿತು. ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅವರ ಹೆಂಡತಿ.

ತಮ್ಮ ಭಾಷೆಯಲ್ಲಿ ಏನೋ ಹೇಳಿ, ನಗುತ್ತಾ ಫೋನನ್ನು ನನ್ನ ಕೈಗೆ ಕೊಟ್ಟರು. "ನೀವು ಬಂದಿದೀರಿ ಅಂದೆ. ನಿಮ್ಮನ್ನ ಅಕ್ಕ ಅಂತಾಳೆ. ಕೆಲಸ ಉಳೀದಿದ್ರೂ, ಸಾಹೇಬರ ಹತ್ರ ನನ್ನ ಪರವಾಗಿ ಮಾತಾಡಿದ್ದಕ್ಕೆ ಥ್ಯಾಂಕ್ಸ್ ಹೇಳ್ಬೇಕಂತೆ."

"ನಾನು ಮಾತಾಡಿದೆ ಅಂತ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನಿಮ್ಮನ್ನ ಕರೆಸಿದ್ದು ನೋಡಿದೆ. ನೀವು ಸುಮ್ಮನೆ ಇರೋರಲ್ಲ."

ಆ ಹೆಂಗಸಿನ ದನಿ ನನ್ನ ಕಿವಿಯಲ್ಲಿ ಏನೇನೋ ಹೇಳುತ್ತಿತ್ತು. ಒಂದಕ್ಷರ ಅರ್ಥವಾಗದಿದ್ದರೂ ಅಳುತ್ತಲೇ ಹರಸುತ್ತಿದ್ದಾಳೆ ಎಂದು ತಿಳಿಯಿತು. ನನ್ನಿಂದ ತಡೆಯಲಾಗಲಿಲ್ಲ.

"ಇಲ್ಲಮ್ಮಾ," ಎಂದೆ. "ನಾನು ಏನೂ ಹೇಳ್ಲಿಲ್ಲ. ಕ್ಯಾಂಟೀನಲ್ಲಿ ನಿನ್ನ ಗಂಡನ ಮಾನ ಕಳೆದೋಳೂ ನಾನೇ. ಸಾಹೇಬರು ಕೇಳಿದಾಗ, ಅವರ ಸ್ವಭಾವಾನೇ ಹಾಗೆ ಅಂತ ಅವರ ತಲೆ ಮೇಲೇ ಹಾಕಿ ಬಂದೋಳೂ ನಾನೇ."

ಆ ಕಡೆ ದನಿ ನಿಂತಿತು. ಪ್ರಶ್ನೆಯಂಥದ್ದೇನೋ ಕೇಳಿತು. ನಾನು ಫೋನನ್ನು ಮೇಷ್ಟ್ರ ಮುಂದೆ ಹಿಡಿದೆ. ಅವರ ಮುಖದಲ್ಲಿ ರಕ್ತವಿರಲಿಲ್ಲ. ಫೋನ್ ತೆಗೆದುಕೊಂಡು ಕಿವಿಗೆ ಹಿಡಿದರು. ಆಮೇಲೆ ಮೆತ್ತಗೆ ನಾಲ್ಕು ಮಾತು ಹೇಳಿದರು. ಆ ಕಡೆಯಿಂದ ಆಕೆ ಮತ್ತೆ ಅದೇ ಹರಸುವ ದನಿಯಲ್ಲಿ ಮಾತಾಡಿದಳು.

ಫೋನ್ ಇಟ್ಟ ಮೇಲೆ ಕೇಳಿದೆ, "ಏನಂದ್ರಿ?"

"ನೀವು ತುಂಬಾ ಹೋರಾಡಿದ್ರಿ, ಆದ್ರೂ ಆಗ್ಲಿಲ್ಲ ಅಂತ ಅಳ್ತಿದೀರಿ, ಅಂದೆ."

"ಯಾಕೆ ಮೇಷ್ಟ್ರೇ?"

ಅವರು ನನ್ನತ್ತ ನೋಡಲಿಲ್ಲ. ಹೋಗಿ ಬಾಗಿಲು ತೆರೆದು, ಪಕ್ಕಕ್ಕೆ ಸರಿದು ನಿಂತರು.

"ಮೂರು ತಿಂಗಳು ಇಲ್ಲಿ ನನಗೆ ಒಬ್ಬರಾದ್ರೂ ಇದ್ರು ಅಂತ ಅವಳು ನಂಬ್ಕೊಂಡಿರ್ಲಿ," ಎಂದರು.