ಕಾರಣ ತಿಳಿದಿಲ್ಲ

ಕೊಲೆಗಳು ಕಡಿಮೆಯಾದವೆಂಬ ಖುಷಿಗೆ ಅಂಕಿಅಂಶ ಕಚೇರಿಯಲ್ಲಿ ಕೇಕು ಕತ್ತರಿಸಿ ಆಗಿತ್ತು. ಅವಳು ಮಾತ್ರ ತನ್ನ ತುಂಡನ್ನು ಮುಟ್ಟದೆ ಭಾವನ ಕೋಣೆಗೆ ನುಗ್ಗಿದಳು. ಅಕ್ಕನ ಗಂಡ ಇಲ್ಲಿ ಮುಖ್ಯಸ್ಥರು. ಈ ಗುತ್ತಿಗೆ ಕೆಲಸ ಕೊಡಿಸಿದವರೂ ಅವರೇ.

"ಕೊಲೆ ಕಡಿಮೆಯಾಗಿಲ್ಲ ಭಾವ. ಕಾಲಂ ಬದಲಾಗಿದೆ, ಅಷ್ಟೇ."

ವರದಿಯಲ್ಲಿ ಅಪಘಾತ, ಆತ್ಮಹತ್ಯೆ, ಕೊಲೆಗಳ ಪಕ್ಕದಲ್ಲಿ 'ಕಾರಣ ತಿಳಿದಿಲ್ಲ' ಎಂಬುದೊಂದು ಕಾಲಂ ಇತ್ತು. ಈಚೆಗೆ ಅದು ಸದ್ದಿಲ್ಲದೆ ಊದಿಕೊಳ್ಳುತ್ತಿತ್ತು. ಕಾರಣ ಗೊತ್ತಿರುವ ಸಾವಿರಾರು ಸಾವುಗಳ ವಯಸ್ಸು, ಗಾಯ, ಶವ ಸಿಕ್ಕ ಜಾಗ ಎಲ್ಲವನ್ನೂ ಉಣಿಸಿ, ಕೊಲೆಯ ಚಹರೆ ಹೇಗಿರುತ್ತದೆಂದು ಅವಳು ಕಂಪ್ಯೂಟರಿಗೆ ಕಲಿಸಿದಳು. ಆಮೇಲೆ ಈ ಕಾಲಂ ಓದಿಸಿದಳು. ಹತ್ತರಲ್ಲಿ ಆರು ಕೊಲೆಯೇ ಎಂದಿತು ಅದು. ಆ ಲೆಕ್ಕವನ್ನು ಅವಳು ವರದಿಯ ಕೊನೆಗೆ ಒಂದು ಪುಟವಾಗಿ ಸೇರಿಸಿದ್ದಳು.

ಭಾವ ಬಾಗಿಲು ಹಾಕಿದರು. "ಆಯ್ತಮ್ಮ, ಒಂದೇ ಒಂದು ಹೆಸರು ಹೇಳು. ಈ ರಾಶೀಲಿ ಕೊಲೆಯಾದೋರು ಯಾರು?"

"ಹೆಸರು ಹೇಳೋಕಾಗಲ್ಲ," ಎಂದಳು ಅವಳು. ಲೆಕ್ಕ ಒಟ್ಟು ಎಷ್ಟೆಂದು ಹೇಳಬಲ್ಲದು. ಇಂಥವರೇ ಎಂದು ಬೆರಳು ಮಾಡಲಾರದು. ಆ ಸಾಲುಗಳ ಮುಂದೆ ಅವಳು ಎಷ್ಟೋ ಸಂಜೆ ಕಿವಿಗೊಟ್ಟವಳಂತೆ ಕೂತಿದ್ದಳು. ಗಂಡಸು, ಮೂವತ್ತು, ಬೆನ್ನಿಗೆ ಗುಂಡು, ಕಾರಣ ತಿಳಿದಿಲ್ಲ. ತಿಳಿಯದೇ ಇರಲು ಎಷ್ಟು ಕಷ್ಟಪಟ್ಟಿರಬೇಕು!

"ನೋಡಿದ್ಯಾ? ನಿನ್ನ ಮಿಷನ್ನು ಕಣಿ ಹೇಳುತ್ತೆ. ನಾಳೆ ಪತ್ರಿಕೆಯವರ ಮುಂದೆ ನಾನು ಕಣಿ ಓದ್ಲಾ?"

"ಯಾರು ಅಂತ ಗೊತ್ತಿಲ್ಲ ಅಂದ್ರೆ ಯಾರೂ ಇಲ್ಲ ಅಂತಾನಾ ಭಾವ?"

"ಆ ಪುಟ ಕಿತ್ತುಹಾಕು. ಬಾಯಿ ಬಿಟ್ಟೆ ಅಂದ್ರೆ ಗುತ್ತಿಗೆ ಅಲ್ಲಿಗೇ ಮುಗೀತು. ನಿಮ್ಮಕ್ಕ ನಂಗೆ ತಿಂಗಳುಗಟ್ಟಲೆ ಊಟ ಹಾಕದಿದ್ರೂ ಸರಿ."

ಅವಳು ಕೀಳಲಿಲ್ಲ. ಭಾವ ಬೇರೆಯವರಿಂದ ಕೀಳಿಸಿದರು.

ಮರುದಿನ ಸಭಾಂಗಣ ತುಂಬಿತ್ತು. "ಕೊಲೆ ಇಷ್ಟೊಂದು ಇಳಿದಿದ್ದು ಹೇಗೆ ಸಾರ್?" ಎಂದು ವರದಿಗಾರ್ತಿಯೊಬ್ಬಳು ಕೇಳಿದಳು. ಭಾವ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ವೇದಿಕೆಯ ತುದಿಯಲ್ಲಿ ಕೂತಿದ್ದ ಅವಳು ಎದ್ದು ನಿಂತಿದ್ದಳು.

"ಇಳಿದಿಲ್ಲ."

"ಕೂತ್ಕೊಳೇ," ಭಾವ ಹಲ್ಲು ಕಚ್ಚಿ ಪಿಸುಗುಟ್ಟಿದರು. ಅವಳು ಕೂರದೆ, 'ಕಾರಣ ತಿಳಿದಿಲ್ಲ' ಕಾಲಮ್ಮಿನ ಕಥೆಯನ್ನೆಲ್ಲ ಹೇಳಿದಳು.

"ಎಲ್ಲ ಬರೀ ಅಂದಾಜು!" ಭಾವ ನಗಲು ನೋಡಿದರು. "ಒಬ್ಬರ ಹೆಸರಾದ್ರೂ ಕೇಳಿ ಅವಳನ್ನ."

"ಹೆಸರಿಲ್ಲ. ಹೆಸರು ಹುಡುಕೋದು ಪೊಲೀಸರ ಕೆಲಸ. ಹುಡುಕದೆ ಬಿಟ್ಟ ಹೆಸರು ಎಷ್ಟು ಅಂತ ಹೇಳೋದು ನನ್ನ ಕೆಲಸ. ಅಂದಾಜು ತಪ್ಪಿದ್ರೆ ಒಂದೊಂದೇ ಸಾವು ತನಿಖೆ ಮಾಡಿ ತೋರಿಸ್ಲಿ. ನಂಗೂ ಅದೇ ಬೇಕು."

ಭಾವ ಮೈಕು ಆರಿಸಿದರು. ಅಲ್ಲಿಗೆ ಕೆಲಸ ಹೋಯಿತೆಂದು ಅವಳಿಗೆ ಗೊತ್ತಾಯಿತು. ಅವಳು ವೇದಿಕೆಯ ಅಂಚಿಗೆ ಬಂದಳು. ದನಿ ಏರಿಸಿ, ಹಿಂದಿನ ಸಾಲಿನವರಿಗೂ ಬರೆದುಕೊಳ್ಳಲು ಆಗುವಷ್ಟು ನಿಧಾನವಾಗಿ, ಆ ಕಾಲಮ್ಮಿನಲ್ಲಿ ಅಡಗಿದ್ದ ಕೊಲೆಗಳ ಒಟ್ಟು ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳತೊಡಗಿದಳು.