ತುಳಸಿ ಪಾತಿಯ ಕಳೆ

ದ್ವಾದಶಿಯ ಬೆಳಿಗ್ಗೆ ದೇವಸ್ಥಾನದಿಂದ ಬಂದ ರಾಮಸ್ವಾಮಿಗಳು ಬಾಳೆಲೆಯ ಪೊಟ್ಟಣವೊಂದನ್ನು ಬಾವಿಕಟ್ಟೆಯ ಮೇಲಿಟ್ಟು, ಕೈಕಾಲು ತೊಳೆದುಕೊಂಡು ಒಳಗೆ ಹೋದರು. ಹೆಂಡತಿ ಭಾಗೀರಥಮ್ಮ ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದರು. ಹಿಂದಿನ ಸಂಜೆ ತಾವೇ ಕಟ್ಟಿದ ಮಾಲೆ, ಸ್ವಾಮಿಗೆ ಏರದೆ ಹಾಗೇ ಹಿಂದಕ್ಕೆ ಬಂದಿತ್ತು. ತುಳಸಿಯ ಘಮದ ನಡುವೆ, ತುಳಸಿಯಂತೆಯೇ ಕಾಣುವ ನಾಯಿತುಳಸಿಯ ಘಾಟು. ಬುಟ್ಟಿ ತುಂಬಿದ್ದಾಗ ತಿಳಿಯದ್ದು ಒಂದು ರಾತ್ರಿ ಬಾಡಿದ ಮೇಲೆ ತಿಳಿಯುತ್ತಿತ್ತು.

"ಒಂದೆರಡು ಕುಡಿ ಬೇರೆ ಸೇರಿತ್ತು," ಎಂದರು ರಾಮಸ್ವಾಮಿಗಳು ಒಳಗಿನಿಂದಲೇ. "ಅರ್ಚಕರು ಏನೂ ಅನ್ನಲಿಲ್ಲ. ಪಾತಿ ತುಂಬ ಕಳೆ ಬಂದಿದೆಯಲ್ಲ, ನೀನಾದರೂ ಏನು ಮಾಡ್ತೀಯ."

ದ್ವಾದಶಿಯಂದು ತುಳಸಿ ಕೀಳುವಂತಿಲ್ಲ. ಅದಕ್ಕಾಗಿ ಏಕಾದಶಿಯ ಸಂಜೆಯೇ, ಹೊತ್ತು ಮುಳುಗುವ ಮುನ್ನ, ಕುಡಿ ಬಿಡಿಸಿ ಮಾಲೆ ಕಟ್ಟಿಡುವುದು ತೊಣ್ಣೂರಿನ ಈ ಮನೆಯ ಪದ್ಧತಿ. ಕಟ್ಟಿದ್ದು ಕೆಟ್ಟರೆ ಬೇರೆ ಮಾಲೆ ಇಲ್ಲ. ಸ್ವಾಮಿ ಇವತ್ತು ಬರಿಗೊರಳಲ್ಲಿ ನಿಂತಿದ್ದಾನೆ ಎಂದುಕೊಳ್ಳುತ್ತಲೇ ಆಕೆ ಪಾರಣೆಗೆ ಎಲೆ ಹಾಕಿದರು.

ತಪ್ಪು ಕಳೆಯದಲ್ಲ, ಕಣ್ಣಿನದು. ಕೆಲವು ತಿಂಗಳಿಂದ ಬಲಗಣ್ಣಿನ ಮುಂದೆ ಮಂಜು ಕವಿದ ಹಾಗಿತ್ತು, ಎಡಗಣ್ಣೂ ಅದರ ಹಿಂದೆಯೇ ಹೊರಟಿತ್ತು. ಆಕೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಪೊರೆ ತೆಗೆಸೋಣ ಅನ್ನುತ್ತಾರೆ, ಆಮೇಲೆ ಬಗ್ಗಬೇಡ, ನೀರು ಮುಟ್ಟಬೇಡ ಅನ್ನುತ್ತಾರೆ. ಅಷ್ಟು ದಿನ ಪಾಂಡವಪುರದ ಪೇಟೆಯಿಂದ ಮಾಲೆ ಬರುತ್ತದೆ. ಒಮ್ಮೆ ಪೇಟೆಯ ಮಾಲೆ ಬಂದರೆ ಮುಗಿಯಿತು, ಅತ್ತೆ ತನ್ನ ಕೈಗಿತ್ತ ಸೇವೆ ತನ್ನ ಕೈಯಲ್ಲೇ ನಿಂತುಹೋಗುತ್ತದೆ. ಪಾತಿಯಲ್ಲಿ ತುಳಸಿಯೊಂದೇ ಉಳಿದರೆ? ಆಗ ಕೈಗೆ ಸಿಕ್ಕಿದ್ದೆಲ್ಲ ತುಳಸಿಯೇ. ಮುಂದಿನ ಏಕಾದಶಿಯೊಳಗೆ ಕಳೆ ಹೋಗಬೇಕು.

ಸೊಸೆ ಅಮೂಲ್ಯಾ ಚಿನಕುರಳಿಯ ಶಾಲೆಯಲ್ಲಿ ಟೀಚರು. ಅತ್ತೆಯ ಹಟ ಕಂಡು ಮೊಬೈಲು ತೆಗೆದಳು. "ವಿನೆಗರಿಗೆ ಉಪ್ಪು, ಪಾತ್ರೆ ತೊಳೆಯೋ ಸೋಪು ಸೇರಿಸಿ ಚಿಮುಕಿಸಬೇಕಂತೆ ಅತ್ತೆ."

"ನಾಳೆ ಆ ತುಳಸಿನೇ ತೀರ್ಥಕ್ಕೆ ಬೀಳೋದು. ಭಕ್ತಾದಿಗಳಿಗೆ ಸೋಪು ಕುಡಿಸ್ತೀಯಾ? ಉಪ್ಪು ಹಾಕಿದರಂತೂ ಮಣ್ಣೇ ಹಾಳು."

"ಕುದಿಯೋ ಗಂಜಿ ಸುರಿದರೂ ಆಗುತ್ತಂತೆ."

"ಗಂಜಿ ಮುಸುರೆ ಕಣಮ್ಮ. ತುಳಸಿ ಹತ್ತಿರಕ್ಕೆ ಮುಸುರೆ ತರ್ತಾರಾ?"

"ಹಾಗಾದ್ರೆ ಬರೀ ಬಿಸಿನೀರು," ಎಂದು ಅಮೂಲ್ಯಾ ನಕ್ಕಳು. "ಅದಕ್ಕೆ ಮಡಿ ಮೈಲಿಗೆ ಇಲ್ಲವಲ್ಲ."

ಹಾಗೆ ಬಚ್ಚಲ ಹಂಡೆಯ ನೀರು ದಿನವೂ ಮರಳತೊಡಗಿತು. ಭೂಮಿಗೆ ಕುದಿನೀರು ಸುರಿಯಬಾರದೆಂದು ಕೇಳಿ ಬೆಳೆದವರು ಭಾಗೀರಥಮ್ಮ. ಚೊಂಬು ಬಗ್ಗಿಸುವ ಮುನ್ನ ಪ್ರತಿಸಲವೂ ಮೆಲ್ಲಗೆ, "ಸರಕೊಳ್ರಪ್ಪ, ಮಕ್ಕಳು ಮರೀನ ಕರಕೊಂಡು ಆಚೆ ಹೋಗಿ, ಬಿಸಿ ಬರ್ತಿದೆ," ಎಂದು ಮಣ್ಣೊಳಗಿನ ಹುಳುಹುಪ್ಪಟೆಗೆ ಹೇಳಿ, ಅವು ಹೋಗುವಷ್ಟು ಹೊತ್ತು ಕಾಯುತ್ತಿದ್ದರು.

ಹಾಲು ತಂದ ಪುಟ್ಟತಾಯಮ್ಮ ಬೇಲಿಯಾಚೆಯೇ ನಿಂತು ನೋಡಿದಳು. "ಅದೇನು ಅಮ್ಮೋರೆ, ಭೂಮ್ತಾಯ್ಗೆ ಎಣ್ಣೆ ನೀರಾ?"

"ನಾಯಿತುಳಸಿ ಕಣೇ. ಸಾಯ್ತಾನೇ ಇಲ್ಲ."

"ಬೀಜ ಉದುರುಸ್ಕಂಡು ಕುಂತದೆ, ನೀವು ಉಯ್ದಷ್ಟೂ ನಗ್ತದೆ. ನಮ್ಮ ಕಬ್ಬಿನ ಗದ್ದೇಲಿ ರವದಿ ಬಿದ್ದದೆ. ಕಿತ್ತಾಕ್ಬುಟ್ಟು ಮೇಲೆ ಅದನ್ನ ದಪ್ಪಗೆ ಹಾಸಿ. ಬೆಳಕು ಕಾಣ್ದಿದ್ರೆ ಅಂಗೇ ಕೊಳೀತದೆ. ನಮ್ ಸಂತೋಷ್ ಕೈಲಿ ಕಳುಸ್ತೀನಿ ಬುಡಿ, ಅವನೂ ಬೈಕು ಓಡ್ಸೋದ್ ಬುಟ್ಟು ಏನಾರ ಮಾಡ್ದಂಗಾಯ್ತದೆ."

ಮರುದಿನ ಕಬ್ಬಿನ ಒಣ ಗರಿಯ ರವದಿ ಒಂದು ಹೊರೆ ಬಂದು ಬೇಲಿಯ ಬಳಿ ಬಿತ್ತು. ಆದರೆ ಕೀಳಬೇಕಾದರೆ ಯಾವುದನ್ನೆಂದು ಕಾಣಬೇಕಲ್ಲ. ಭಾಗೀರಥಮ್ಮ ಚೊಂಬನ್ನೇ ನೆಚ್ಚಿಕೊಂಡರು.

ಏಕಾದಶಿಯ ಬೆಳಿಗ್ಗೆ ಪಾತಿಯ ಮೂಲೆಯಲ್ಲಿ ಹಸಿರು ಗುಂಪೊಂದು ಮಸುಕಾಗಿ ಕಂಡಿತು. ಹುಳುಗಳಿಗೆ ಹೇಳಿದರು, ಕಾದರು, ಸುರಿದರು. ಹಬೆಯ ಜೊತೆಗೆ ಎದ್ದ ವಾಸನೆ ಮೂಗಿಗೆ ಬಡಿದಾಗ ಚೊಂಬು ಕೈಯಿಂದ ಜಾರಿತು. ಬೆಂದದ್ದು ಕೃಷ್ಣತುಳಸಿಯ ಎಳೆ ಸಸಿಗಳು. ಗರ್ಭಗುಡಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಹಾಗೆ ಘಮ್ಮೆಂದದ್ದಿಲ್ಲ. ಆಕೆ ಅಲ್ಲೇ ಮಣ್ಣಿನ ಮೇಲೆ ಕುಳಿತುಬಿಟ್ಟರು.

ಸದ್ದು ಕೇಳಿ ಅಮೂಲ್ಯಾ ಬಂದಳು. ಬಾಡಿ ಮಲಗಿದ ಸಸಿಗಳನ್ನು ನೋಡಿದಳು, ಅತ್ತೆಯ ಕಾಲನ್ನು ನೋಡಿದಳು. "ಸುಟ್ಟುಕೊಂಡ್ರಾ?"

"ಇಲ್ಲ." ಬಿದ್ದ ಚೊಂಬನ್ನು ತಡಕಿ ಎತ್ತಿಟ್ಟು, "ನನಗೆ ಕಾಣ್ಸಲ್ಲ ಕಣೇ ಅಮೂಲ್ಯಾ."

"ಗೊತ್ತು ಅತ್ತೆ. ಮೊನ್ನೆ ಜಗಲಿ ಮೇಲೆ ನನ್ನ ಚೀಲನ ಬೆಕ್ಕು ಅಂತ ಓಡಿಸ್ತಿದ್ರಲ್ಲ."

"ಅದು ನೀನು ನೋಡಿದ್ಯಾ?"

"ಮಾವನೂ ನೋಡಿದ್ರು. ನೀವಾಗೇ ಹೇಳಲಿ ಅಂತ ಸುಮ್ಮನಿದ್ವಿ."

ಭಾಗೀರಥಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಪೊರೆಯ ಭಯ, ಪೇಟೆಯ ಮಾಲೆಯ ಭಯ ಎರಡನ್ನೂ ಹೇಳಿದರು. ಹೇಳಿದ ಮೇಲೆ ಅವು ಅಷ್ಟೇನೂ ದೊಡ್ಡವಾಗಿ ಕಾಣಲಿಲ್ಲ.

"ಅಷ್ಟು ದಿನ ನಾನು ಕಟ್ಟಲ್ವಾ?" ಎಂದಳು ಅಮೂಲ್ಯಾ. "ಆದರೆ ನನ್ನನ್ನ ನಂಬಬೇಡಿ. ಇದ್ಯಾವುದು ಅದ್ಯಾವುದು ನಂಗೂ ತಿಳಿಯಲ್ಲ. ಕಲಿಸಿಕೊಡಿ."

ಅಂದು ಶಾಲೆಯಿಂದ ಅಮೂಲ್ಯಾ ಬೇಗ ಬಂದಳು. ಸ್ನಾನ ಮಾಡಿ, ಇಬ್ಬರೂ ಪಾತಿಯ ಬದುವಿನ ಮೇಲೆ ಕುಳಿತರು. ಅಮೂಲ್ಯಾ ಗಿಡದ ಒಂದು ಎಲೆ ಹರಿದು ಕೊಡುವುದು, ಭಾಗೀರಥಮ್ಮ ಬೆರಳಿನಲ್ಲಿ ಹೊಸಕಿ ಮೂಸುವುದು. "ಇದು ನಾಯಿ, ಬೇರು ಸಮೇತ ಕೀಳು. ಇದು ನಮ್ಮದು, ಕುಡಿ ಬಿಡಿಸು." ಹೊಸಕಿದ ಎಲೆಯನ್ನು ಮಾಲೆಗೆ ಹಾಕುವಂತಿಲ್ಲ, ಅದು ಮಣ್ಣಿಗೇ. ಸ್ವಲ್ಪ ಹೊತ್ತಾದ ಮೇಲೆ ಅಮೂಲ್ಯಾ ತಾನೇ ಮೂಸಿ, "ನಾಯಿ ಅಲ್ವಾ?" ಎಂದು ಕೇಳತೊಡಗಿದಳು. ಒಮ್ಮೊಮ್ಮೆ ತಪ್ಪುತ್ತಿತ್ತು. ಕಿತ್ತ ಜಾಗದ ಮೇಲೆ ರವದಿ ಹಾಸುವ ಮುನ್ನ ಭಾಗೀರಥಮ್ಮ ಅಭ್ಯಾಸಬಲದಿಂದ, "ಸರಕೊಳ್ರಪ್ಪ," ಎಂದರು.

"ಇದು ಬಿಸಿ ಅಲ್ಲ ಅತ್ತೆ."

"ಕತ್ತಲಾಗುತ್ತಲ್ಲೇ. ಹೇಳಬೇಡವಾ?"

ಹೊತ್ತು ಮುಳುಗುವಷ್ಟರಲ್ಲಿ ಬುಟ್ಟಿ ಅರ್ಧ ತುಂಬಿತ್ತು. ಅಮೂಲ್ಯಾ ಕಟ್ಟಿದ ಮಾಲೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಉದ್ದವೂ ಸಾಲದು. ಭಾಗೀರಥಮ್ಮ ಬೆರಳಾಡಿಸಿ ನೋಡಿ ಬಿಚ್ಚಿಸಲಿಲ್ಲ.

ಬೆಳಿಗ್ಗೆ ರಾಮಸ್ವಾಮಿಗಳು ಮಾಲೆ ಹಿಡಿದು ಹೋದರು. ಭಾಗೀರಥಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಕಿವಿಗೊಟ್ಟು ಕಾದರು. ಬೇಲಿಯ ಗೇಟು ಕಿರುಗುಟ್ಟಿತು. ಹೆಜ್ಜೆಗಳು ಬಾವಿಕಟ್ಟೆಯ ಹತ್ತಿರ ಬಂದು ನಿಂತವು. ಮಾಲೆ ಹಿಂದಕ್ಕೆ ಬಂದಿದ್ದರೆ ಈಗ ಬಾಳೆಲೆಯ ಸರಬರ ಸದ್ದು ಕೇಳಬೇಕು.

ಬಾವಿಗೆ ಕೊಡ ಇಳಿಯುವ ಸದ್ದಷ್ಟೇ ಕೇಳಿಸಿತು. ಆಮೇಲೆ ರಾಮಸ್ವಾಮಿಗಳು ಕೈಕಾಲು ತೊಳೆಯುತ್ತ, "ಎಲೆ ಹಾಕಮ್ಮ ಅಮೂಲ್ಯಾ, ಹಸಿವಾಗಿದೆ," ಎಂದರು.