ಮಾತ್ರೆ ಕೂರುವ ಜಾಗ

ಕಿತ್ತುಹೋದ ಗುಂಡಿ ಹೊಲಿಯಲು ಸೂಜಿ ಬೇಕೆಂದು ಗುಬ್ಬಿ, ತಾತನ ಬಾಬಿನ್ ಡಬ್ಬಿಗೆ ಕೈ ಹಾಕಿದಳು. ಸಿಕ್ಕಿದ್ದು ಮೂವತ್ತಮೂರು ಕೆಂಪು ಮಾತ್ರೆ. ದಿನಕ್ಕೆ ಮೂರರಂತೆ, ಹನ್ನೊಂದು ದಿನದ್ದು.

ತಾತ ಐವತ್ತು ವರ್ಷ ಹೊಲಿಗೆ ಮಷಿನ್ ರಿಪೇರಿ ಮಾಡಿದವನು. ಎರಡು ತಿಂಗಳ ಹಿಂದೆ ಅವನಿಗೆ ಕ್ಷಯ ಎಂದು ಗೊತ್ತಾಗಿತ್ತು. ಅಂದಿನಿಂದ ಮೊಮ್ಮಗಳು ಗುಬ್ಬಿ ದಿನಾ ಬೆಳಗ್ಗೆ ಮಾತ್ರೆ ಕೈಗಿತ್ತು, ನೀರಿನ ಲೋಟ ಪಕ್ಕಕ್ಕಿಟ್ಟು, ತಾನು ಸಂಶೋಧನೆ ಮಾಡುವ ಲ್ಯಾಬ್‌ಗೆ ಓಡುತ್ತಿದ್ದಳು.

“ತಾತ, ಇದೇನಿದು?”

ಸಿಕ್ಕಿಬಿದ್ದ ಮೇಲೆ ಮುಚ್ಚಿಡುವುದೇನು? “ಗುಣ ಆಗಿತ್ತಲ್ಲೇ. ಇದನ್ನ ನುಂಗಿದ್ರೆ ಹೊಟ್ಟೆ ತೊಳಸುತ್ತೆ. ಬಚ್ಚಲಿಗೆ ಹೋದ್ರೆ ಕಿತ್ತಳೆ ಬಣ್ಣ! ನಾನೇನು ಮನುಷ್ಯನೋ, ಬಣ್ಣದ ಡಬ್ಬಿಯೋ?”

ಗುಬ್ಬಿ ನಗಲಿಲ್ಲ. “ಗುಣ ಆಗಿದ್ರೆ ಮೊನ್ನೆಯಿಂದ ಯಾಕೆ ಮತ್ತೆ ಕೆಮ್ತಾ ಇದೀಯ?”

ತಾತ ಬಾಯಿಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡ.

“ನಾನು ಲ್ಯಾಬಲ್ಲಿ ಏನು ಮಾಡ್ತೀನಿ ಅಂತ ಒಂದಿನಾನಾದ್ರೂ ಕೇಳಿದೀಯಾ?”

“ಕೇಳಿದ್ದೆ. ನೀನು ಹೇಳಿದ ಹೆಸರು ಗಂಟಲಲ್ಲೇ ಸಿಕ್ಕಾಕ್ಕೊಂಡಿತು.”

“ಆರ್‌ಎನ್‌ಎ ಪಾಲಿಮರೇಸ್. ರೋಗಾಣು ಒಳಗಿರೋ ಮಷಿನ್ ಅನ್ಕೋ. ಏಡಿ ಕೊಂಡಿ ಥರ ಇರುತ್ತೆ. ನಡುವೆ ಡಿಎನ್‌ಎನ ಬಿಗಿಯಾಗಿ ಹಿಡ್ಕೊಂಡು, ಅದರ ಅಕ್ಷರ ಓದ್ತಾ ಓದ್ತಾ ಹೊಸ ಎಳೆ ಮಾಡುತ್ತೆ. ಎಳೆ ಹೊರಗೆ ಬರೋಕೆ ಒಂದು ದಾರಿ ಇದೆ. ಈ ಕೆಂಪು ಮಾತ್ರೆಲಿರೋ ಮದ್ದು ಆ ದಾರಿಗೆ ಅಡ್ಡ ಕೂರುತ್ತೆ. ಎರಡು ಮೂರು ಅಕ್ಷರದಷ್ಟು ಬೆಳೆಯೋ ಹೊತ್ತಿಗೆ ಎಳೆ ಅದಕ್ಕೆ ಹೋಗಿ ತಾಗುತ್ತೆ, ಅಲ್ಲಿಗೆ ಮುಗೀತು. ಎಳೆ ಇಲ್ದೆ ರೋಗಾಣು ಬದುಕಲ್ಲ.”

ತಾತನ ಕಣ್ಣು ಚುರುಕಾಯಿತು. “ಕೂರೋಕೆ ಸರಿಯಾದ ಜಾಗ ಬೇಕಲ್ಲ?”

“ಅದೇ! ಕೋಟಿಗೊಂದು ರೋಗಾಣುವಿನಲ್ಲಿ ಆ ಜಾಗದ ಗೋಡೆ ಒಂಚೂರು ಬೇರೆ ಇರುತ್ತೆ. ಅದರಲ್ಲಿ ಮದ್ದು ಕೂರಲ್ಲ. ನೀನು ಹೀಗೆ ನಡುವೆ ಬಿಟ್ಟು ಬಿಟ್ಟು ತಗೊಂಡ್ರೆ ಅಂಥದ್ದೇ ಉಳ್ಕೊಂಡು ಹೆಚ್ಚಿಬಿಡಬಹುದು.”

“ಗೋಡೆ ಬದಲಾದ್ರೂ ಮಷಿನ್ ಓಡುತ್ತಾ?”

“ಕೆಲವು ನಿಧಾನ ಆಗುತ್ತೆ. ಆದ್ರೂ ಓಡುತ್ತೆ. ಯಾವ ಭಾಗ ಬದಲಾದ್ರೆ ಎಷ್ಟು ನಿಧಾನ ಅಂತ ನೋಡೋದೇ ನನ್ನ ಕೆಲಸ.”

ತಾತನಿಗೆ ತನ್ನದೇ ಒಂದು ಹಳೆಯ ತಪ್ಪು ನೆನಪಾಯಿತು. ಹರೆಯದಲ್ಲಿ ಒಮ್ಮೆ ಒಬ್ಬ ದರ್ಜಿಯ ಮಷಿನ್ನಿನೊಳಗೆ ಅರದಿಂದ ಕೂದಲೆಳೆಯಷ್ಟು ಉಜ್ಜಿದ್ದ. ಮಷಿನ್ನೇನೋ ಓಡಿತು; ಆದರೆ ದಾರದ ಉರುಳೆ ಇಡುವ ಕಂಪನಿಯ ಬಾಬಿನ್ ಕೇಸ್ ಮತ್ತೆಂದೂ ಅದರಲ್ಲಿ ಕೂರಲಿಲ್ಲ. ದರ್ಜಿ ಬೈದದ್ದು ಇನ್ನೂ ಕಿವಿಯಲ್ಲಿತ್ತು.

“ಆ ಥರದ್ದು ನನ್ನಿಂದ ನಿನಗೆ ಹತ್ತಿದ್ರೆ?”

“ನನಗೂ ಈ ಮಾತ್ರೆ ಕೆಲಸ ಮಾಡಲ್ಲ.”

ತಾತ ಡಬ್ಬಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಬಾಚಿ ಜೇಬಿಗೆ ಹಾಕಿಕೊಂಡ. ತನ್ನದೇನು, ಆಯಸ್ಸೆಲ್ಲ ಕಳೆದ ಜೀವ. ಈ ಹುಡುಗಿ? “ಏಳೇ, ಆಸ್ಪತ್ರೆಗೆ ನಡಿ,” ಎಂದವನೇ ಚಪ್ಪಲಿ ಮೆಟ್ಟಿದ.

ಆಸ್ಪತ್ರೆಯಲ್ಲಿ ಕಫ ತೆಗೆದುಕೊಂಡರು. ಆ ಗೋಡೆ ಬದಲಾಗಿದೆಯೋ ಇಲ್ಲವೋ ಎಂಬುದು ಅದರಲ್ಲೇ ತಿಳಿಯುತ್ತಿತ್ತು. ಅಂಗಳದ ಬೆಂಚಿನಲ್ಲಿ ಎರಡು ತಾಸು ಕಾಯಬೇಕು. ತಾತ ಒಂದು ಗೇಣು ದೂರ ಸರಿದ. ಗುಬ್ಬಿ ಒಂದು ಗೇಣು ಹತ್ತಿರ ಸರಿದಳು.

“ದೂರ ಕೂರೇ!”

“ಮಾಸ್ಕ್ ಹಾಕಿದೀನಿ, ಗಾಳಿ ಆಡ್ತಿದೆ. ಇನ್ನೊಂಚೂರು ಸರಿದ್ರೆ ಕೆಳಗೆ ಬೀಳ್ತೀಯ ತಾತ.”

“ಬಿದ್ರೆ ಬೀಳ್ತೀನಿ. ನೀನು ಅಲ್ಲೇ ಇರು.”

ಕೊನೆಗೆ ಡಾಕ್ಟರಮ್ಮ ಕಾಗದ ಹಿಡಿದು ಬಂದರು. “ರೋಗಾಣು ಇನ್ನೂ ಇದೆ. ಆದ್ರೆ ಮದ್ದು ಕೂರೋ ಜಾಗ ಬದಲಾಗಿಲ್ಲ. ಇದೇ ಮಾತ್ರೆ ಮುಂದುವರಿಸಿ ಅಜ್ಜ. ಬಿಟ್ಟ ಹನ್ನೊಂದು ದಿನದ್ದೂ ಕೊನೆಗೆ ಸೇರುತ್ತೆ.”

“ಇಪ್ಪತ್ತೆರಡು ದಿನ ಸೇರಿಸಿದ್ರೂ ಸರಿಯಮ್ಮ,” ಎಂದ ತಾತ. ಅಲ್ಲೇ ನಲ್ಲಿಯ ಹತ್ತಿರ ಜೇಬಿನಿಂದ ಮೂರು ಮಾತ್ರೆ ತೆಗೆದು ಬಾಯಿಗೆ ಹಾಕಿ ನೀರು ಕುಡಿದ. “ಆಯ್ತು, ನುಂಗಿದೆ.”

“ಬಾಯಿ ತೆಗಿ.”

“ತಾತನ ಮೇಲೆ ಅಷ್ಟೂ ನಂಬಿಕೆ ಇಲ್ವೇನೇ?”

“ಇಲ್ಲ. ನಾಲಿಗೆ ಎತ್ತು.”

ತಾತ ಅವಳಿಗೆ ತಾಗದಿರಲೆಂದು ಮೊದಲು ಉಸಿರು ಬಿಗಿಹಿಡಿದ. ಆಮೇಲೆ ಬಾಯಿ ಅಗಲಿಸಿ, ನಾಲಿಗೆ ಮೇಲೆತ್ತಿ, ಅವಳು ಸಾಕು ಅನ್ನುವವರೆಗೂ ಕಣ್ಣರಳಿಸಿಕೊಂಡು ನಿಂತೇ ಇದ್ದ.